ಹಾಸನದಲ್ಲಿ ಹೈಟೆಕ್ ಕಾರ್ಖಾನೆ: ಸೋಲಾರ್ ಆಮೇಲೆ, ಮೊದಲು ತೇವದ ಲೆಕ್ಕ

ಬೆಂಗಳೂರಿನಿಂದ ಜಾಗ ನೋಡಲು ಬರುವ ಉದ್ಯಮಿಗಳು ಹಾಸನದಲ್ಲಿ ಕಾರಿಂದ ಇಳಿದ ಕೂಡಲೇ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ. "ಎಷ್ಟು ತಂಪಾಗಿದೆ ಮೇಡಂ ನಿಮ್ಮೂರು, ಎಸಿ ಖರ್ಚು ಅರ್ಧ ಉಳೀತು ಬಿಡಿ." ಉಳಿಯುವುದಿಲ್ಲ. ಮನೆಗಾದರೆ ಉಳಿಯುತ್ತದೆ, ನಿಜ. ಕ್ಲೀನ್‌ರೂಮ್ (ಗಾಳಿಯ ಧೂಳು, ಉಷ್ಣಾಂಶ, ತೇವವನ್ನು ಹಿಡಿತದಲ್ಲಿಟ್ಟ ಕೋಣೆ) ಇರುವ ಕಾರ್ಖಾನೆಯ ಕತೆಯೇ ಬೇರೆ. ಅಲ್ಲಿ ನಮ್ಮ ಕಡೆ ಬಿಲ್ ಏರಿಸುವುದು ಬಿಸಿಲಿಗಿಂತ ಜಾಸ್ತಿ ತೇವ.

ನಾನು ಯುಟಿಲಿಟಿ ಎಂಜಿನಿಯರ್. ಮಾತ್ರೆ ಮಾಡುವುದು, ಸರ್ಕ್ಯೂಟ್ ಬೋರ್ಡ್ ಜೋಡಿಸುವುದು ನನ್ನ ಕೆಲಸವಲ್ಲ. ಅದಕ್ಕೆ ಬೇಕಾದ ಗಾಳಿ, ನೀರು, ತಂಪು, ಉಗಿ, ಕರೆಂಟು ಸರಿಯಾಗಿ ಕೊಡುವುದು ನನ್ನ ಕೆಲಸ. ಹಾಸನಕ್ಕೆ ಹೈಟೆಕ್ ಹೊಸದೇನಲ್ಲ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇಲ್ಲೇ ಕೂತು ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಈಗ ಔಷಧ, ಎಲೆಕ್ಟ್ರಾನಿಕ್ಸ್, ವೈದ್ಯಕೀಯ ಉಪಕರಣದವರು ಇತ್ತ ಮುಖ ಮಾಡಿದ್ದಾರೆ. ಎಲ್ಲರ ಬಾಯಲ್ಲೂ ಹಸಿರು ಕಾರ್ಖಾನೆ ಅನ್ನುವ ಮಾತಿದೆ. ಹೆಚ್ಚಿನವರು ಅದಕ್ಕೆ ಮಾಡುವುದೇನು? ಚಾವಣಿ ಮೇಲೆ ಸೋಲಾರ್, ಗೇಟಿನ ಹತ್ತಿರ ಒಂದು ಸಾಲು ಗಿಡ. ಎರಡೂ ಬೇಡ ಅನ್ನುತ್ತಿಲ್ಲ. ಆದರೆ ಅವು ಕೊನೆಯ ಕೆಲಸಗಳು. ಮೊದಲಿನ ಕೆಲಸಗಳನ್ನು ಇಲ್ಲಿ ಹೇಳುತ್ತೇನೆ.

ನಕ್ಷೆಗೆ ಮೊದಲು ಒಂದು ಜಗಳ

ಆರ್ಕಿಟೆಕ್ಟ್ ಪೆನ್ಸಿಲ್ ಹಿಡಿಯುವ ಮೊದಲು ಪ್ರೊಡಕ್ಷನ್ ಮತ್ತು ಕ್ವಾಲಿಟಿಯವರನ್ನು ಒಂದು ಮೇಜಿಗೆ ಕೂರಿಸಿ. ಪ್ರತಿ ಕೋಣೆಗೂ ಮೂರು ವಿಷಯ ಕೇಳಿ: ಗಾಳಿ ಎಷ್ಟು ಶುದ್ಧ ಇರಬೇಕು, ಉಷ್ಣಾಂಶ ಎಷ್ಟು, ತೇವಾಂಶ ಎಷ್ಟು. ಉತ್ತರ ಬಂದ ಮೇಲೆ "ಯಾಕೆ?" ಅಂತ ಕೇಳಿ. ಜಗಳ ಶುರುವಾಗುವುದು ಇಲ್ಲೇ, ಆಗಲಿ.

ಸಾಮಾನ್ಯವಾಗಿ ಬರುವ ಉತ್ತರ "22 ಡಿಗ್ರಿ, ಶೇ. 50 ತೇವಾಂಶ, ಎಲ್ಲಾ ಕೋಣೆಗೂ." ಎಲ್ಲಿಂದ ಬಂತು ಅಂತ ಹಿಂದೆ ಹೋದರೆ ಬೇರೆ ಊರಿನ, ಬೇರೆ ಮಾಲು ಮಾಡುವ ಹಳೇ ಪ್ಲಾಂಟಿನ ಕಾಗದದಿಂದ ಇಳಿಸಿಕೊಂಡದ್ದು. ತೇವ ಹೀರುವ ಪುಡಿ ತುಂಬುವ ಕೋಣೆಗೆ ಶೇ. 50 ಕೂಡ ಜಾಸ್ತಿ ಆಗಬಹುದು. ಆದರೆ ಪ್ಯಾಕಿಂಗ್ ಕೋಣೆಗೂ, ಬಟ್ಟೆ ಬದಲಿಸುವ ಕೋಣೆಗೂ ಅದೇ ಯಾಕೆ? ಶೇ. 60ಕ್ಕೆ ಒಪ್ಪಿಸಿದರೆ ಲಾಭ ದೊಡ್ಡದು. 22 ಡಿಗ್ರಿಯಲ್ಲಿ ಶೇ. 50 ಬೇಕೆಂದರೆ ಗಾಳಿಯನ್ನು ಸುಮಾರು 11 ಡಿಗ್ರಿಗೆ ಇಳಿಸಿ ನೀರು ತೆಗೆಯಬೇಕು. ಶೇ. 60 ಸಾಕೆಂದರೆ 14 ಡಿಗ್ರಿ ಸಾಕು. ಗಾಳಿಯನ್ನು ಇಳಿಸುವುದು ಚಿಲ್ಲರ್ ಅನ್ನುವ ಯಂತ್ರ ತಣ್ಣಗೆ ಮಾಡಿಕೊಡುವ ನೀರು. ಆ ನೀರಿನ ಉಷ್ಣಾಂಶ ಒಂದು ಡಿಗ್ರಿ ಏರಿಸಿದರೆ ಚಿಲ್ಲರ್ ತಿನ್ನುವ ಕರೆಂಟು ಶೇ. 2ರಿಂದ 3 ಇಳಿಯುತ್ತದೆ. ಒಂದು ರೂಪಾಯಿ ಯಂತ್ರ ಕೊಳ್ಳದೆ, ಬರೀ ಮಾತಾಡಿ ಉಳಿಸಿದ ಕರೆಂಟು ಇದು.

ಶುದ್ಧತೆಯ ವಿಷಯವೂ ಹಾಗೇ. ಒಂದು ಮೇಜಿನಷ್ಟು ಜಾಗದಲ್ಲಿ ಮಾತ್ರ ಅತಿ ಶುದ್ಧ ಗಾಳಿ ಬೇಕಿದ್ದರೆ ಆ ಮೇಜಿನ ಮೇಲೆ ಮಾತ್ರ ಫಿಲ್ಟರ್ ಗೂಡು ಕಟ್ಟಿ. ಸುತ್ತಲಿನ ಕೋಣೆ ಒಂದೆರಡು ದರ್ಜೆ ಕೆಳಗಿದ್ದರೂ ನಡೆಯುತ್ತದೆ. ಇಡೀ ಹಾಲನ್ನೇ ಆ ದರ್ಜೆಗೆ ಏರಿಸುವವರನ್ನು ನೋಡಿದ್ದೇನೆ. ಕೇಳಿದರೆ "ಆಡಿಟ್‌ಗೆ ಬಂದವರಿಗೆ ಚೆನ್ನಾಗಿ ಕಾಣುತ್ತೆ" ಅನ್ನುತ್ತಾರೆ.

ಜುಲೈ ತಿಂಗಳ ಗಾಳಿ

ಹಾಸನದಲ್ಲಿ ಜುಲೈ ಬೆಳಿಗ್ಗೆ ಹೊರಗಿನ ಗಾಳಿ 20 ಡಿಗ್ರಿ ಆಸುಪಾಸು ಇರುತ್ತದೆ. ಸೋನೆ ಮಳೆ ಹಿಡಿದಿದ್ದರೆ ತೇವಾಂಶ ಶೇ. 100ರ ಹತ್ತಿರ. ಕೋಣೆಗೆ ಬೇಕಾದ್ದು 22 ಡಿಗ್ರಿ. ಅಂದರೆ ಹೊರಗಿನ ಗಾಳಿ ಆಗಲೇ ಕೋಣೆಗಿಂತ ತಂಪು. ಎಕ್ಸೆಲ್ ಶೀಟಿನಲ್ಲಿ ಉಷ್ಣಾಂಶ ಒಂದನ್ನೇ ನೋಡುವ ಡಿಸೈನರ್ "ಮಳೆಗಾಲದಲ್ಲಿ ಲೋಡ್ ಇಲ್ಲ", ಅಂದರೆ ತಂಪು ಮಾಡುವ ಕೆಲಸವೇ ಇಲ್ಲ, ಅಂತ ಬರೆದುಬಿಡುತ್ತಾನೆ. ಆ ಗಾಳಿಯಲ್ಲಿರುವ ನೀರಿನ ಲೆಕ್ಕ ಅವನಿಗೆ ಬೇಡ.

ಲೆಕ್ಕ ನಾವೇ ಹಾಕೋಣ. ನಮ್ಮ ಎತ್ತರದಲ್ಲಿ ಆ ಜುಲೈ ಗಾಳಿಯ ಒಂದು ಕೆಜಿಯಲ್ಲಿ ಸುಮಾರು 16 ಗ್ರಾಂ ನೀರಿರುತ್ತದೆ. ಕೋಣೆಗೆ ಬೇಕಾದ್ದು 9 ಗ್ರಾಂ. ಗಂಟೆಗೆ 10,000 ಘನ ಮೀಟರ್ ಹೊಸ ಗಾಳಿ ಎಳೆಯುವ ಮಧ್ಯಮ ಗಾತ್ರದ ಪ್ಲಾಂಟಾದರೆ, ಅದರಿಂದ ಪ್ರತಿ ಗಂಟೆಗೆ 75ರಿಂದ 80 ಲೀಟರ್ ನೀರು ಹಿಂಡಿ ತೆಗೆಯಬೇಕು. ಎಎಚ್‌ಯು (ಗಾಳಿಯನ್ನು ಸೋಸಿ, ತಂಪು ಮಾಡಿ ಕೋಣೆಗೆ ತಳ್ಳುವ ಪೆಟ್ಟಿಗೆ) ಕೆಳಗಿನ ಡ್ರೈನ್ ಪೈಪಿನ ಹತ್ತಿರ ನಿಂತು ನೋಡಿ. ಮಳೆಗಾಲದಲ್ಲಿ ಅದು ತೊಟ್ಟಿಕ್ಕುವುದಿಲ್ಲ, ಸಣ್ಣ ನಲ್ಲಿಯ ಹಾಗೆ ಹರಿಯುತ್ತಿರುತ್ತದೆ. ಈ ನೀರನ್ನು ಚರಂಡಿಗೆ ಬಿಡಬೇಡಿ, ಅದರ ಮಾತು ಮುಂದೆ ಬರುತ್ತದೆ.

ನೀರು ತೆಗೆಯಲು ಗಾಳಿಯನ್ನು 11 ಡಿಗ್ರಿಗೆ ಇಳಿಸಿದಿರಿ. ಅಷ್ಟು ತಣ್ಣನೆಯ ಗಾಳಿಯನ್ನು ಹಾಗೇ ಕೋಣೆಗೆ ಬಿಟ್ಟರೆ ಒಳಗಿರುವವರು ಸ್ವೆಟರ್ ಹಾಕಿಕೊಳ್ಳಬೇಕಾಗುತ್ತದೆ. ಅದಕ್ಕೆ ಮತ್ತೆ ಬಿಸಿ ಮಾಡುತ್ತಾರೆ. ಈ ಬಿಸಿ ಎಲ್ಲಿಂದ ಬರುತ್ತದೆ ಅನ್ನುವುದೇ ಇಡೀ ಡಿಸೈನಿನ ಪರೀಕ್ಷೆ. ಅಗ್ಗದ ದಾರಿ ಗಾಳಿ ಸಾಗುವ ಕೊಳವೆ, ಅಂದರೆ ಡಕ್ಟಿನೊಳಗೆ ಎಲೆಕ್ಟ್ರಿಕ್ ಹೀಟರ್ ತೂರಿಸುವುದು. ಒಂದು ಕಡೆ ಕರೆಂಟು ಕೊಟ್ಟು ತಂಪು ಮಾಡಿ, ಎರಡು ಮೀಟರ್ ಮುಂದೆ ಕರೆಂಟು ಕೊಟ್ಟು ಬಿಸಿ ಮಾಡುವುದು. ನಾನು ನೋಡಿಕೊಳ್ಳುತ್ತಿದ್ದ ಒಂದು ಪ್ಲಾಂಟಿನಲ್ಲಿ ಏಪ್ರಿಲ್‌ಗಿಂತ ಜುಲೈ ಬಿಲ್ ಜಾಸ್ತಿ ಬರುತ್ತಿತ್ತು. ಮ್ಯಾನೇಜ್‌ಮೆಂಟ್‌ನವರು ಮೀಟರ್ ಕೆಟ್ಟಿದೆ ಅಂತ ಕರೆಂಟು ಕಂಪನಿ ಸೆಸ್ಕ್‌ಗೆ ಅರ್ಜಿ ಬರೆಯಲು ಹೊರಟಿದ್ದರು. ಮೀಟರ್ ಸರಿಯಾಗೇ ಇತ್ತು. ಹೀಟರ್‌ಗಳು ಹಗಲು ರಾತ್ರಿ ಉರಿಯುತ್ತಿದ್ದವು.

ಒಳ್ಳೆಯ ದಾರಿ ಎರಡಿವೆ. ಒಂದು, ತಂಪು ಕಾಯಿಲ್‌ನ (ಗಾಳಿ ತಂಪು ಮಾಡುವ ಪೈಪಿನ ಸುರುಳಿ) ಹಿಂದೆ ಮುಂದೆ ಇನ್ನೆರಡು ಕಾಯಿಲ್ ಇಟ್ಟು ನಡುವೆ ನೀರು ಸುತ್ತಿಸುವುದು. ಒಳಬರುವ ಗಾಳಿಯ ಶಾಖವನ್ನು ಹಿಂದಿನ ಕಾಯಿಲ್ ಹೀರಿ, ತಣ್ಣಗಾದ ಗಾಳಿಗೆ ಮುಂದಿನ ಕಾಯಿಲ್ ಕೊಡುತ್ತದೆ. ತಂಪಿನ ಲೋಡೂ ಕಮ್ಮಿ, ಬಿಸಿಯೂ ಪುಕ್ಕಟೆ, ಪಂಪಿನ ಚೂರು ಕರೆಂಟು ಮಾತ್ರ. ಎರಡನೆಯದು, ಚಿಲ್ಲರ್ ಹೇಗೂ ಹೊರಗೆ ಬಿಸಾಡುವ ಶಾಖವನ್ನು ಹಿಡಿದು 40-45 ಡಿಗ್ರಿಯ ನೀರು ಮಾಡಿ ಬಳಸುವುದು. ಇದಕ್ಕೆ ಬಿಸಿ ಕಾಯಿಲ್ ಮೊದಲೇ ದೊಡ್ಡದಿರಬೇಕು. 80 ಡಿಗ್ರಿ ನೀರಿಗೆ ಲೆಕ್ಕ ಹಾಕಿದ ಚಿಕ್ಕ ಕಾಯಿಲ್‌ಗೆ 45 ಡಿಗ್ರಿ ನೀರು ಬಿಟ್ಟರೆ ಏನೂ ಆಗುವುದಿಲ್ಲ. ಹಾಗಾಗಿ ಇದನ್ನು ನಕ್ಷೆಯ ಹಂತದಲ್ಲೇ ತೀರ್ಮಾನಿಸಿ. ಕಟ್ಟಿದ ಮೇಲೆ ಎಎಚ್‌ಯು ಬಿಚ್ಚಿ ಕಾಯಿಲ್ ಸೇರಿಸುವುದು ನರಕ.

ಇನ್ನೊಂದು ವಿಷಯ ನಮ್ಮ ಜಿಲ್ಲೆಗೇ ಸೇರಿದ್ದು. ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಚಿಕ್ಕಮಗಳೂರು ಅದಕ್ಕೂ ಮೇಲೆ. ಇಲ್ಲಿ ಗಾಳಿ ಸುಮಾರು ಶೇ. 10ರಷ್ಟು ತೆಳು. ಕ್ಯಾಟಲಾಗಿನ ಅಂಕಿಗಳು ಸಾಮಾನ್ಯವಾಗಿ ಸಮುದ್ರ ಮಟ್ಟದವು. ಅದೇ ಫ್ಯಾನ್ ಇಲ್ಲಿ ಅಷ್ಟೇ ಘನ ಮೀಟರ್ ಗಾಳಿ ತಳ್ಳಿದರೂ ಅದರ ತೂಕ ಕಮ್ಮಿ, ಹೊರುವ ಶಾಖವೂ ಕಮ್ಮಿ. ಜನರೇಟರ್, ಏರ್ ಕಂಪ್ರೆಸರ್‌ಗಳಿಗೂ ಇದು ತಟ್ಟುತ್ತದೆ. ಕೊಟೇಶನ್ ಕೇಳುವಾಗ ಮೊದಲ ಸಾಲಿನಲ್ಲೇ ಎತ್ತರ ಬರೆಯಿರಿ. ಬರೆಯದಿದ್ದರೆ ಕೆಲವರು ಸುಮ್ನೆ ಒಂದು ಸೈಜ್ ದೊಡ್ಡದು ಕೊಡುತ್ತಾರೆ, ಕೆಲವರು ಕಮ್ಮಿ ಬೀಳುವುದನ್ನು ಕೊಡುತ್ತಾರೆ.

ಫ್ಯಾನ್ ಅನ್ನುವ ಹೊಟ್ಟೆಬಾಕ

ಕ್ಲೀನ್‌ರೂಮ್ ಶುದ್ಧವಾಗಿರುವುದು ಒಂದೇ ಗಾಳಿಯನ್ನು ಮತ್ತೆ ಮತ್ತೆ ಫಿಲ್ಟರ್ ಮೂಲಕ ಹಾಯಿಸುವುದರಿಂದ. ಗಂಟೆಗೆ ಎಷ್ಟು ಸಲ ಕೋಣೆಯ ಗಾಳಿ ಬದಲಾಗಬೇಕು? ಇಲ್ಲಿ ಎಲ್ಲರೂ ರೂಢಿಯ ಅಂಕಿ ಹೇಳುತ್ತಾರೆ. ತಮಾಷೆ ಅಂದರೆ ಐಎಸ್‌ಒ 14644-1 ಮಾನದಂಡ ಗಾಳಿ ಬದಲಾವಣೆಯ ಲೆಕ್ಕ ಹೇಳುವುದೇ ಇಲ್ಲ. ಅದು ಹೇಳುವುದು ಧೂಳಿನ ಕಣಗಳ ಲೆಕ್ಕ. 7ನೇ ದರ್ಜೆಯ ಕೋಣೆಯಲ್ಲಿ ಒಂದು ಘನ ಮೀಟರ್ ಗಾಳಿಗೆ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,52,000 ದಾಟಬಾರದು, ಅಷ್ಟೇ. ಅದನ್ನು ಎಷ್ಟು ಗಾಳಿಯಲ್ಲಿ ಸಾಧಿಸುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು. ಕ್ಲೀನ್‌ರೂಮಿನಲ್ಲಿ ಶಕ್ತಿ ಉಳಿಸುವುದಕ್ಕೆಂದೇ 2019ರಲ್ಲಿ ಅದೇ ಸರಣಿಯ 16ನೇ ಭಾಗ ಬಂದಿದೆ. ಆಡಿಟರ್ ಎದುರು ವಾದ ಮಾಡುವಾಗ ಕೈಯಲ್ಲಿರಲಿ.

ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ಫ್ಯಾನಿನ ವೇಗ ಶೇ. 20 ಇಳಿಸಿದರೆ ಅದು ತಿನ್ನುವ ಕರೆಂಟು ಹೆಚ್ಚುಕಮ್ಮಿ ಅರ್ಧ ಆಗುತ್ತದೆ. ವೇಗದ ಘನಕ್ಕೆ ತಕ್ಕಂತೆ ಕರೆಂಟು ಏರುವುದು ಫ್ಯಾನಿನ ಗುಣ. 500 ಚದರ ಮೀಟರ್, 3 ಮೀಟರ್ ಎತ್ತರದ ಹಾಲ್ ತಗೊಳ್ಳಿ. ಗಂಟೆಗೆ 40 ಸಲ ಗಾಳಿ ಬದಲಿಸಬೇಕೆಂದರೆ ಫ್ಯಾನುಗಳಿಗೆ ಅಂದಾಜು 33 ಕಿಲೋವಾಟ್ ಬೇಕು. ವರ್ಷವಿಡೀ ಓಡಿದರೆ 2.9 ಲಕ್ಷ ಯೂನಿಟ್. ಅದೇ ಡಕ್ಟಿನಲ್ಲಿ 25ಕ್ಕೆ ಇಳಿಸಿದರೆ ಕಾಗದದ ಲೆಕ್ಕದಲ್ಲಿ 8 ಕಿಲೋವಾಟ್. ಉಳಿತಾಯ 2 ಲಕ್ಷ ಯೂನಿಟ್‌ಗೂ ಮೇಲೆ. ನಿಜದಲ್ಲಿ ಇದಕ್ಕಿಂತ ಸ್ವಲ್ಪ ಕಮ್ಮಿ ಸಿಗುತ್ತದೆ, ಇರಲಿ. ಅಷ್ಟು ಕರೆಂಟು ಸೋಲಾರ್‌ನಿಂದ ಬರಬೇಕಾದರೆ ಹತ್ತಿರ ಹತ್ತಿರ 150 ಕಿಲೋವಾಟ್‌ನ ಪ್ಯಾನೆಲ್ ಬೇಕು. ಇಲ್ಲಿ ಬೇಕಾದ್ದು ಫ್ಯಾನಿನ ವೇಗ ತಿದ್ದುವ ಒಂದು ವಿಎಫ್‌ಡಿ ಮತ್ತು ಒಂದು ಕಣ ಎಣಿಸುವ ಯಂತ್ರ.

ಇಳಿಸುವುದು ಹೇಗೆ? ಅಂದಾಜಿನ ಮೇಲೆ ಅಲ್ಲ. ಮೊದಲು ಕೋಣೆ ಖಾಲಿ ಇರುವ ಭಾನುವಾರ ವೇಗವನ್ನು ಸ್ವಲ್ಪ ಸ್ವಲ್ಪ ತಗ್ಗಿಸಿ, ಪ್ರತಿ ಸಲ ಕಣ ಎಣಿಸಿ, ಪಕ್ಕದ ಕೋಣೆಗೂ ಇದಕ್ಕೂ ಇರುವ ಒತ್ತಡದ ವ್ಯತ್ಯಾಸ 10-15 ಪಾಸ್ಕಲ್ ಉಳಿದಿದೆಯಾ ನೋಡಿ. ಆಮೇಲೆ ಕೆಲಸ ನಡೆಯುವಾಗ ಅದೇ ಪರೀಕ್ಷೆ ಮಾಡಿ. ಕಣ ಹುಟ್ಟುವುದು ಗೋಡೆಯಿಂದಲ್ಲ, ಮನುಷ್ಯರಿಂದ. ಖಾಲಿ ಕೋಣೆಯಲ್ಲಿ ಯಂತ್ರದ ಪರದೆ ಮೇಲೆ ಕಣದ ಸಂಖ್ಯೆ ಮೂರಂಕಿಯಲ್ಲಿ ಮಲಗಿರುತ್ತದೆ. ಒಬ್ಬರು ಒಳಗೆ ಬಂದು ಟೊಪ್ಪಿಯ ದಾರ ಸರಿಮಾಡಿಕೊಂಡರೆ ಸಾಕು, ಕಣ್ಣೆದುರೇ ಸಾವಿರಗಳಿಗೆ ಹಾರುತ್ತದೆ. ಇದನ್ನು ಆಪರೇಟರ್ ಹುಡುಗರಿಗೆ ಒಮ್ಮೆ ತೋರಿಸಿ. ಗೌನ್ ಹಾಕುವ ಪಾಠ ಬೇರೆ ಬೇಕಾಗುವುದಿಲ್ಲ. ಔಷಧದ ಪ್ಲಾಂಟಾದರೆ ಪ್ರತಿ ಬದಲಾವಣೆಯೂ ವ್ಯಾಲಿಡೇಶನ್ (ಎಲ್ಲಾ ಸರಿಯಿದೆ ಎಂದು ಪರೀಕ್ಷಿಸಿ ದಾಖಲಿಸುವ) ಕಾಗದಕ್ಕೆ ಹೋಗಬೇಕು. ಹಾಗಾಗಿ ರಾತ್ರಿ ಮತ್ತು ರಜೆ ದಿನದ ಕಮ್ಮಿ ವೇಗವನ್ನೂ ಮೊದಲ ವ್ಯಾಲಿಡೇಶನ್‌ನಲ್ಲೇ ಸೇರಿಸಿಬಿಡಿ. ಆಮೇಲೆ ಮಾಡೋಣ ಅಂದರೆ ಕ್ವಾಲಿಟಿಯವರು ಜನ್ಮದಲ್ಲಿ ಒಪ್ಪುವುದಿಲ್ಲ.

ಎಎಚ್‌ಯು ಕೊಳ್ಳುವಾಗ ಪೆಟ್ಟಿಗೆ ಒಂದು ಸೈಜ್ ದೊಡ್ಡದಿರಲಿ, ಮೋಟಾರ್ ಒಂದು ಸೈಜ್ ಚಿಕ್ಕದಿರಲಿ. ಕಾಯಿಲ್ ಮೇಲೆ ಗಾಳಿ ಸೆಕೆಂಡಿಗೆ 2.5 ಮೀಟರ್ ಹೋಗುವುದು ವಾಡಿಕೆ. ಅದನ್ನು 1.75ರ ಹತ್ತಿರ ತಂದರೆ ಅಲ್ಲಿನ ಒತ್ತಡ ನಷ್ಟ ಸುಮಾರು ಅರ್ಧ ಆಗುತ್ತದೆ. ಪೆಟ್ಟಿಗೆ ದೊಡ್ಡದಾದರೆ ಜಾಗ ಬೇಕು, ಮತ್ತೆ ಆರ್ಕಿಟೆಕ್ಟ್ ಜೊತೆ ವಾದ. ಸೀಲಿಂಗ್ ಮೇಲೆ ಜಾಗ ಬಿಡುವುದರಲ್ಲಿ ಅವರಷ್ಟು ಜಿಪುಣರು ಇಲ್ಲ. ಡಕ್ಟು ತಿರುವು ಮುರುವಾಗಿ ಬೀಮಿನ ಕೆಳಗೆ ನುಸುಳಿದರೆ ಪ್ರತಿ ತಿರುವಿಗೂ ಫ್ಯಾನು ದಂಡ ಕಟ್ಟುತ್ತಲೇ ಇರುತ್ತದೆ.

ತಂಪಿಗೆ ನೀರು, ನೀರಿಗೆ ಮಳೆ

ನೀರಿನಿಂದ ತಂಪಾಗುವ ಚಿಲ್ಲರ್ ಒಂದು ಟನ್ ತಂಪಿಗೆ (ಟನ್ ಇಲ್ಲಿ ತೂಕವಲ್ಲ, ತಂಪಿನ ಅಳತೆ) ಗಂಟೆಗೆ ಸುಮಾರು 0.6 ಯೂನಿಟ್ ತಗೊಂಡರೆ ಗಾಳಿಯಿಂದ ತಂಪಾಗುವುದು 1.1ರಿಂದ 1.2 ತಗೊಳ್ಳುತ್ತದೆ. ಹಾಗಾದರೆ ನೀರಿನದೇ ಸರಿ ಅಲ್ವಾ? ಅವಸರ ಬೇಡ. ಆ ಚಿಲ್ಲರ್ ಹೊರಹಾಕುವ ಶಾಖವನ್ನು ತೆಗೆಯುವ ಕೂಲಿಂಗ್ ಟವರ್ ಪ್ರತಿ ಟನ್ನಿಗೆ ಗಂಟೆಗೆ ಆರೂವರೆ ಲೀಟರ್ ನೀರನ್ನು ಆವಿ ಮಾಡಿ ಆಕಾಶಕ್ಕೆ ಬಿಡುತ್ತದೆ. ಪಂಪು, ಟವರ್ ಫ್ಯಾನು ಎಲ್ಲಾ ಕಳೆದರೆ ಒಂದು ಯೂನಿಟ್ ಕರೆಂಟು ಉಳಿಸಲು 15-20 ಲೀಟರ್ ನೀರು ಕೊಟ್ಟಂತಾಯಿತು. ಒಂದೇ ಜಿಲ್ಲೆಯಲ್ಲಿ ಸಕಲೇಶಪುರಕ್ಕೆ ವರ್ಷಕ್ಕೆ 2,000 ಮಿ.ಮೀ. ಮೀರಿ ಮಳೆ, ಅರಸೀಕೆರೆಗೆ 700ರ ಆಸುಪಾಸು. ಅರಸೀಕೆರೆ ಕಡೆ ಬೋರ್‌ವೆಲ್ ನಂಬಿ ಟವರ್ ಕಟ್ಟುವುದನ್ನು ನಾನಂತೂ ಒಪ್ಪುವುದಿಲ್ಲ. ಅಲ್ಲಿ ಗಾಳಿಯ ಚಿಲ್ಲರ್ ಇಟ್ಟು ಲೋಡ್ ಕಡಿಮೆ ಮಾಡಿ. ಹಾಸನದ ಸುತ್ತ, ಚಿಕ್ಕಮಗಳೂರಿನ ಅಂಬಳೆ ಕಡೆ ಟವರ್ ಇಡಬಹುದು. ಆದರೆ ಷರತ್ತು ಒಂದು: ಅದರ ನೀರಿನ ದೊಡ್ಡ ಪಾಲು ಮರುಬಳಕೆಯದೂ ಮಳೆಯದೂ ಆಗಿರಬೇಕು.

ನೀರು ಎಲ್ಲೆಲ್ಲಿ ಸಿಗುತ್ತದೆ ನೋಡಿ. ಎಎಚ್‌ಯು ಡ್ರೈನಿನ ನೀರು ಒಂದು. ಹಿಂದೆ ಹೇಳಿದ ಲೆಕ್ಕದಲ್ಲಿ ಸೋನೆ ಹಿಡಿದ ದಿನಕ್ಕೆ 1,800 ಲೀಟರ್, ಅದೂ ಲವಣ ಇಲ್ಲದ ತಣ್ಣನೆಯ ನೀರು. ಆರ್‌ಒ ಪ್ಲಾಂಟು ಬಿಸಾಡುವ ನೀರು ಇನ್ನೊಂದು. ಅದು ಗಡಸು, ಹಾಗಾಗಿ ಟವರ್‌ಗಿಂತ ಶೌಚಾಲಯಕ್ಕೆ, ನೆಲ ತೊಳೆಯಲು ಸರಿ. ಮೂರನೆಯದು ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. 5,000 ಚದರ ಮೀಟರ್ ಚಾವಣಿಗೆ 900 ಮಿ.ಮೀ. ಬಿದ್ದು, ಶೇ. 85 ಕೈಗೆ ಸಿಕ್ಕರೆ 38 ಲಕ್ಷ ಲೀಟರ್. ಅಷ್ಟಕ್ಕೂ ಟ್ಯಾಂಕ್ ಕಟ್ಟಲು ಹೋಗಬೇಡಿ. 3-4 ಲಕ್ಷ ಲೀಟರಿನ ಟ್ಯಾಂಕ್ ಸಾಕು. ಮಳೆ ಬರುವ ದಿನವೂ ಟವರ್ ನೀರು ಕುಡಿಯುತ್ತಲೇ ಇರುತ್ತದೆ, ಟ್ಯಾಂಕ್ ಖಾಲಿಯಾಗುತ್ತಾ ತುಂಬುತ್ತಾ ಇರುತ್ತದೆ. ತುಂಬಿ ಹರಿದದ್ದು ಇಂಗುಗುಂಡಿಗೆ ಹೋಗಲಿ. ಗೇಟಿನ ಸಾಲಿಗೆ ಎಲ್ಲರೂ ನೆಡುವ ಸಿಲ್ವರ್ ಓಕ್ ಎಲೆ ದೋಣಿ ಪೈಪಿಗೆ ಮೃತ್ಯು. ಚಾವಣಿ ಹತ್ತಿರ ಆ ಮರ ಬೇಡ, ಜಾಲರಿ ಕಡ್ಡಾಯ.

ಮಳೆ ನೀರಿನ ಇನ್ನೊಂದು ಲಾಭ ಕಣ್ಣಿಗೆ ಕಾಣುವುದಿಲ್ಲ. ಟವರ್‌ನಲ್ಲಿ ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಲವಣ ಹೆಚ್ಚಿ ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಅದನ್ನು ಹೊರಗೆ ಬಿಡಲೇಬೇಕು. ನಮ್ಮ ಬೋರ್ ನೀರಿನಲ್ಲಿ ಗಡಸುತನ, ಸಿಲಿಕಾ ಇರುವುದರಿಂದ ಮೂರು ಪಟ್ಟು ಗಟ್ಟಿಯಾಗುವಷ್ಟರಲ್ಲಿ ಬಿಟ್ಟುಬಿಡುತ್ತಾರೆ. 300 ಟನ್ ಚಿಲ್ಲರ್ ಪೂರ್ತಿ ಓಡಿದರೆ ಆಗ ಗಂಟೆಗೆ 2,900 ಲೀಟರ್ ನೀರು ಬೇಕು. ಮಳೆ ನೀರು, ಡ್ರೈನ್ ನೀರು ಬೆರೆಸಿ ಆರು ಪಟ್ಟಿನವರೆಗೆ ತಳ್ಳಿದರೆ 2,350 ಸಾಕು. ಹೊರಗೆ ಹೋಗುವ ಕೊಳೆ ನೀರು ಸಾವಿರ ಲೀಟರಿನಿಂದ 400ಕ್ಕೆ ಇಳಿಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಹೊರಗೆ ಹನಿಯೂ ಬಿಡಬಾರದು ಎಂದು ಷರತ್ತು ಹಾಕಿದ್ದರೆ ಈ ವ್ಯತ್ಯಾಸದ ಬೆಲೆ ನಿಮಗೆ ಗೊತ್ತಾಗುತ್ತದೆ. ಆ ಕೊನೆಯ ನೀರನ್ನು ಕುದಿಸಿ ಉಪ್ಪು ಮಾಡುವುದು ಕಾರ್ಖಾನೆಯ ಅತಿ ದುಬಾರಿ ಅಡುಗೆ.

ಚಿಲ್ಲರ್‌ನ ಗಾತ್ರದ ಬಗ್ಗೆ ಒಂದು ಮಾತು. ಕನ್ಸಲ್ಟೆಂಟ್ ಶೇ. 20 ಸೇರಿಸುತ್ತಾನೆ, ಕಂಟ್ರಾಕ್ಟರ್ "ಸೇಫ್ಟಿಗೆ ಇರಲಿ ಮೇಡಂ" ಅಂತ ಇನ್ನೊಂದಿಷ್ಟು, ಮಾಲೀಕರು ಮುಂದಿನ ವಿಸ್ತರಣೆಗೆ ಅಂತ ಮತ್ತಷ್ಟು. ಕೊನೆಗೆ ಬೇಕಿದ್ದರ ಎರಡರಷ್ಟು ಯಂತ್ರ ಬಂದು ಕೂತು ವರ್ಷವಿಡೀ ಅರೆಬರೆ ಲೋಡಿನಲ್ಲಿ ಮುಲುಗುತ್ತದೆ. ಒಂದೇ ಅಳತೆಯ ಎರಡರ ಬದಲು ಒಂದು ದೊಡ್ಡದು, ಒಂದು ಚಿಕ್ಕದು ಇಡಿ. ರಾತ್ರಿ ಚಿಕ್ಕದು ಸಾಕು. ವಿಸ್ತರಣೆಗೆ ಜಾಗ ಮತ್ತು ಪೈಪಿನ ತುದಿ ಬಿಟ್ಟಿರಿ, ಯಂತ್ರ ಆಮೇಲೆ ತನ್ನಿ. ಕಂಪ್ರೆಸರ್, ಅಚ್ಚಿನ ಯಂತ್ರಗಳಂಥವಕ್ಕೆ 20 ಡಿಗ್ರಿ ಆಸುಪಾಸಿನ ನೀರು ಸಾಕಾಗುವುದುಂಟು. ಅವಕ್ಕೆ ಬೇರೆ ಪೈಪು ಹಾಕಿ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಆ ನೀರನ್ನು ಬರೀ ಟವರ್ ತಂಪು ಮಾಡಿಕೊಡುತ್ತದೆ, ಚಿಲ್ಲರ್ ಮಲಗಬಹುದು. ನಮ್ಮೂರಿನ ತಂಪು ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ.

ಯಾವ ಅನಿಲ ತುಂಬಿದ ಚಿಲ್ಲರ್ ಅನ್ನುವುದೂ ಮುಖ್ಯ. ಆರ್-134ಎ ಅನಿಲ ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 1,400 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. 100 ಕೆಜಿ ಸೋರಿದರೆ 2 ಲಕ್ಷ ಯೂನಿಟ್ ಗ್ರಿಡ್ ಕರೆಂಟು ಉರಿಸಿದಷ್ಟೇ ಪಾಪ. ಫ್ಯಾನು ತಗ್ಗಿಸಿ ವರ್ಷವಿಡೀ ಉಳಿಸಿದ್ದು ಒಂದು ಸೋರಿಕೆಯಲ್ಲಿ ಹೋಯಿತು. ಇಂಥ ಅನಿಲಗಳನ್ನು ಕಮ್ಮಿ ಮಾಡುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ, ಈ ಅನಿಲಗಳು ಮೆಲ್ಲಗೆ ಕಮ್ಮಿಯಾಗಲಿವೆ. ಆರ್-1234ಝಡ್‌ಇ ಥರದ ಹೊಸ ಅನಿಲದ ಚಿಲ್ಲರ್ ಸಿಗುತ್ತದೆ, ಬೆಲೆ ಜಾಸ್ತಿ. ನಾನಾದರೆ ಅದನ್ನೇ ತಗೊಳ್ಳುತ್ತೇನೆ. ಹಾಗೇ ಕರೆಂಟು ಕೂಡಿಸುವ, ಕಡಿಯುವ 11 ಕೆವಿ ಸ್ವಿಚ್‌ಗೇರ್ ಕೊಳ್ಳುವಾಗ ಎಸ್‌ಎಫ್6 ಇಲ್ಲದ್ದು ಕೇಳಿ. ಅದು 23,000 ಪಟ್ಟಿಗೂ ಮೀರಿದ ಅನಿಲ.

ಕಟ್ಟಡ, ಘಾಟಿ, ಆನೆ

ಪಶ್ಚಿಮ ಮತ್ತು ನೈಋತ್ಯದಿಂದ ಮಳೆ ಅಡ್ಡ ಹೊಡೆಯುತ್ತದೆ. ಲಾರಿ ಸರಕು ಇಳಿಸುವ ಬಾಗಿಲು ಪೂರ್ವಕ್ಕಿರಲಿ. ಪಶ್ಚಿಮದ ಬಾಗಿಲು ತೆರೆದಾಗಲೆಲ್ಲ ಒಳಗೆ ಬರುವ ತೇವಕ್ಕೂ ನೀವು ಬಿಲ್ ಕಟ್ಟುತ್ತೀರಿ. ಕ್ಲೀನ್‌ರೂಮ್ ಕಟ್ಟಡದ ನಡುವೆ ಇರಲಿ. ಸುತ್ತ ಕಾರಿಡಾರ್, ಉಗ್ರಾಣ, ಆಫೀಸು ಬರಲಿ. ಸೂಕ್ಷ್ಮ ಅಳತೆಯ ಯಂತ್ರ ಇದ್ದರೆ ರೈಲು ಹಳಿ, ಹೆದ್ದಾರಿಯಿಂದ ದೂರದ ಮೂಲೆಗೆ ಹಾಕಿ, ಅದರ ಕೆಳಗೆ ಮಾತ್ರ ಪ್ರತ್ಯೇಕ ದಪ್ಪ ಅಡಿಪಾಯ ಕೊಡಿ. ಇಡೀ ನೆಲ ದಪ್ಪ ಮಾಡುವುದು ಸಿಮೆಂಟಿನ ದಂಡ.

ಸಿಮೆಂಟಿನ ವಿಷಯ ಬಂತು. ಒಂದು ಟನ್ ಸಾಮಾನ್ಯ ಸಿಮೆಂಟಿಗೆ ಮುಕ್ಕಾಲು ಟನ್ ಮೀರಿ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಬಳ್ಳಾರಿಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇದೆ, ಅಂಥ ಕುಲುಮೆಗಳ ಸ್ಲ್ಯಾಗ್ (ಕಬ್ಬಿಣ ತೆಗೆದು ಉಳಿದ ಕಿಟ್ಟ) ಬೆರೆಸಿದ ಸಿಮೆಂಟು ನಮ್ಮ ರಾಜ್ಯದಲ್ಲಿ ಧಾರಾಳವಾಗಿ ಸಿಗುತ್ತದೆ. ಅಡಿಪಾಯಕ್ಕೆ, ನೆಲಕ್ಕೆ ಅದನ್ನೇ ಬರೆಸಿ. ಮೇಸ್ತ್ರಿಗಳು ಗೊಣಗುತ್ತಾರೆ, ಯಾಕೆಂದರೆ ಇದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಸೆಂಟ್ರಿಂಗ್ ಬೇಗ ಬಿಚ್ಚುವಂತಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕನಿಷ್ಠ 10 ದಿನ ನೀರು ಹಾಕಬೇಕು, ಸಾಮಾನ್ಯ ಸಿಮೆಂಟಿಗೆ 7 ದಿನ. ಆ ಮೂರು ದಿನವನ್ನು ಕೆಲಸದ ವೇಳಾಪಟ್ಟಿಯಲ್ಲೇ ಬರೆದಿಟ್ಟರೆ ಗೊಣಗಾಟ ನಿಲ್ಲುತ್ತದೆ.

ಮಣ್ಣು ಕೆಲಸ ಶುರುವಾಗುವ ದಿನ ಮೇಲಿನ ಒಂದಡಿ ಮಣ್ಣನ್ನು ಬೇರೆ ಗುಡ್ಡೆ ಹಾಕಿಸಿ. ಆಮೇಲೆ ಗಿಡಕ್ಕೆ ಬೇಕು, ಕೊಳ್ಳಲು ಹೋದರೆ ಯಾರದೋ ಹೊಲ ಬರಿದಾಗುತ್ತದೆ. ಜಾಗದಲ್ಲಿ ಕೆರೆಗೆ ಹೋಗುವ ಕಾಲುವೆ ಇದ್ದರೆ ಮುಚ್ಚಬೇಡಿ, ಒಣಗಿದಂತೆ ಕಂಡರೂ. ಆಲೂರು, ಸಕಲೇಶಪುರ ಕಡೆಯಾದರೆ ಆನೆ ಓಡಾಡುವ ದಾರಿಯನ್ನು ಊರವರ ಹತ್ತಿರ ಕೇಳಿ. ಕಾಂಪೌಂಡ್ ಅಡ್ಡ ಬಂದರೆ ಆನೆ ಕಾಂಪೌಂಡನ್ನೂ ಬಿಡುವುದಿಲ್ಲ, ಪಕ್ಕದ ತೋಟದವರನ್ನೂ ಬಿಡುವುದಿಲ್ಲ.

ಆಮದು ಯಂತ್ರ ಮಂಗಳೂರು ಬಂದರಿನಿಂದ ಬರುವುದಾದರೆ ಶಿರಾಡಿ ಘಾಟಿ ದಾಟಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಯಾವಾಗ ಮಣ್ಣು ಕುಸಿದು ರಸ್ತೆ ಮುಚ್ಚುತ್ತದೋ ಹೇಳುವ ಹಾಗಿಲ್ಲ. ಮೇ ಒಳಗೆ ತರಿಸಿ. ತಡವಾದರೆ ಗೋಡೆ ಒಡೆದು ಯಂತ್ರ ಒಳಗಿಟ್ಟು ಮತ್ತೆ ಕಟ್ಟುವ ಕೆಲಸ ಬೀಳುತ್ತದೆ. ಆ ಕಸವೂ ನಿಮ್ಮ ಲೆಕ್ಕಕ್ಕೇ.

ಉಗಿ ಬೇಕಾದವರು ಕಾಫಿ ಹೊಟ್ಟು ನೋಡಬಹುದು. ಇಲ್ಲಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಿಗುತ್ತದೆ. ಆದರೆ ಅದರ ಬೂದಿಯಲ್ಲಿ ಪೊಟ್ಯಾಶ್ ಜಾಸ್ತಿ, ಒಲೆಯ ಜಾಲರಿ ಮೇಲೆ ಗಾಜಿನಂತೆ ಕರಗಿ ಅಂಟುತ್ತದೆ. ಬಾಯ್ಲರ್‌ನವರಿಗೆ ಇದನ್ನು ಮೊದಲೇ ಹೇಳಿ.

ಕಂಪ್ರೆಸ್ಡ್ ಏರ್ ಬಗ್ಗೆ ಹೇಳುವುದು ಕಮ್ಮಿ, ಮಾಡುವುದು ಜಾಸ್ತಿ. 7 ಬಾರ್ ಪೈಪಿನಲ್ಲಿ 3 ಮಿ.ಮೀ. ತೂತು ಇದ್ದರೆ ಕಂಪ್ರೆಸರ್ 3-4 ಕಿಲೋವಾಟ್ ಸುಮ್ನೆ ತಿನ್ನುತ್ತದೆ. ವರ್ಷಕ್ಕೆ 25 ಸಾವಿರ ಯೂನಿಟ್ ಮೇಲೆ. ಊಟದ ಹೊತ್ತಿಗೆ ಯಂತ್ರ ನಿಂತಾಗ ಸೋಪಿನ ನೀರು ಹಿಡಿದು ಒಂದು ಸುತ್ತು ಬನ್ನಿ. ಕಂಪ್ರೆಸರ್ ತಿನ್ನುವ ಕರೆಂಟಿನ ಬಹುಪಾಲು ಶಾಖವಾಗಿ ಹೋಗುತ್ತದೆ. ಅದನ್ನು ಹಿಡಿದು ಕ್ಯಾಂಟೀನಿಗೆ, ತೊಳೆಯುವ ಕೋಣೆಗೆ ಬಿಸಿನೀರು ಮಾಡಿ.

ಈಗ ಸೋಲಾರ್. 5,000 ಚದರ ಮೀಟರ್ ಚಾವಣಿಯಲ್ಲಿ ನೆರಳು, ಓಡಾಡುವ ಜಾಗ ಬಿಟ್ಟು 300 ಕಿಲೋವಾಟ್ ಕೂರಿಸಬಹುದು. ವರ್ಷಕ್ಕೆ 4 ಲಕ್ಷ ಯೂನಿಟ್ ಆಸುಪಾಸು ಬರುತ್ತದೆ. ಮಳೆಗಾಲದಲ್ಲಿ, ಅಂದರೆ ತೇವದ ಲೋಡು ತಲೆ ಮೇಲೆ ಕೂತಿರುವಾಗ, ಅದು ಮುಖ ತೋರಿಸುವುದಿಲ್ಲ. ಮೇಲಿನದ್ದನ್ನೆಲ್ಲ ಮಾಡಿ ಲೋಡು ಇಳಿಸಿದ ಪ್ಲಾಂಟಿಗೆ ಆ 4 ಲಕ್ಷ ದೊಡ್ಡ ಪಾಲು. ಮಾಡದ ಪ್ಲಾಂಟಿಗೆ ಅದು ಬೋರ್ಡಿನಲ್ಲಿ ಹಾಕಿಕೊಳ್ಳುವ ಚಿತ್ರ.

ಹಸ್ತಾಂತರ ಎರಡು ಸಲ

ಟೆಂಡರ್‌ನಲ್ಲಿ ಇದನ್ನು ಬರೆಯಿರಿ: ಪ್ರತಿ ಎಎಚ್‌ಯು, ಚಿಲ್ಲರ್, ಪಂಪು, ಕಂಪ್ರೆಸರ್‌ಗೆ ಬೇರೆ ಬೇರೆ ಕರೆಂಟ್ ಮೀಟರ್. ಟವರ್‌ಗೆ ಹೋಗುವ, ಬರುವ ನೀರಿಗೆ ಮೀಟರ್. 15 ನಿಮಿಷಕ್ಕೊಮ್ಮೆ ದಾಖಲೆ. ಕಟ್ಟುವಾಗ ಇವುಗಳ ಖರ್ಚು ಗೊತ್ತೇ ಆಗುವುದಿಲ್ಲ. ಆಮೇಲೆ ಹಾಕಲು ಪ್ಲಾಂಟು ನಿಲ್ಲಿಸಬೇಕು. ಓದಲು ಒಬ್ಬರನ್ನು ಇಡಿ. ಮಲ್ನಾಡ್ ಕಾಲೇಜಿನಿಂದಲೋ ಐಟಿಐನಿಂದಲೋ ಬಂದ ಚುರುಕಾದ ಹುಡುಗಿಯೋ ಹುಡುಗನೋ ಸಾಕು. ಆ ಕೆಲಸಕ್ಕೆ ಬೇರೆ ಹೊರೆ ಹಾಕಬೇಡಿ.

ಪರೀಕ್ಷೆ ಒಂದೇ ಸಲ ಬೇಡ. ಕಂಟ್ರಾಕ್ಟರ್‌ಗೆ ಇಷ್ಟವಾದ ತಿಂಗಳು ಜನವರಿ. ಬಿಸಿಯೂ ಇಲ್ಲ, ತೇವವೂ ಇಲ್ಲ, ಎಲ್ಲಾ ಅಂಕಿಯೂ ಚಂದ ಬರುತ್ತದೆ. ನೀವು ಏಪ್ರಿಲ್‌ನಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಪರೀಕ್ಷೆ ಅಂತ ಒಪ್ಪಂದದಲ್ಲಿ ಹಾಕಿ. ಟನ್ನಿಗೆ ಎಷ್ಟು ಯೂನಿಟ್, ಕೋಣೆಯ ತೇವಾಂಶ ಎಷ್ಟು, ಹೀಟರ್ ಎಷ್ಟು ಹೊತ್ತು ಉರಿಯಿತು, ಮೂರನ್ನೂ ಅಳೆಯಿರಿ. ಎರಡೂ ಪಾಸಾಗುವವರೆಗೆ ಹಣದ ಒಂದು ಭಾಗ ಹಿಡಿದಿಟ್ಟುಕೊಳ್ಳಿ. ಈ ಷರತ್ತು ನೋಡಿ ಕೆಲವರು ಟೆಂಡರ್‌ಗೇ ಬರುವುದಿಲ್ಲ, ಕೆಲವರು ದರ ಏರಿಸುತ್ತಾರೆ. ಏರಿಸಿದ ದರವನ್ನು ಒಂದು ವರ್ಷದ ಕರೆಂಟ್ ಬಿಲ್ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಚೌಕಾಸಿಗೆ ಕೂತುಕೊಳ್ಳಿ.